ಮುಖ್ಯ ಶಿಕ್ಷಕರ (ಎಚ್‌ಎಂ) ಕುರ್ಚಿಯಲ್ಲಿ ಕೂತವರಿಗೆ ಎಷ್ಟು ಕಂಪ್ಯೂಟರ್ ಗೊತ್ತಿರಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಹೇಮಾವತಿ ದಂಡೆ (ಪ್ರೌಢಶಾಲಾ ಶಿಕ್ಷಕಿ, ಹಾಸನ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಗಣಿತ ಶಿಕ್ಷಕಿ. ತಂತ್ರಜ್ಞಾನ ಬಳಸಿ ಪಾಠ ಮಾಡುವುದನ್ನು ಶಿಕ್ಷಕರಿಗೆ ಕಲಿಸುವ ಟಾಲ್ಪ್ ತರಬೇತಿ ಪಡೆದು ಆಮೇಲೆ ಸಂಪನ್ಮೂಲ ವ್ಯಕ್ತಿಯಾಗಿಯೂ ಕೆಲಸ ಮಾಡಿದವಳು. ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ ಇದು.

ಮುಖ್ಯ ಶಿಕ್ಷಕರ ಕಂಪ್ಯೂಟರ್ ಜ್ಞಾನದ ಮಾತು ಬಂದರೆ ಸ್ಟಾಫ್ ರೂಮಿನಲ್ಲಿ ನಗು ಏಳುತ್ತದೆ. ‘ನಮ್ಮ ಸರ್‌ಗೆ ಮೌಸ್ ಹಿಡಿಯೋಕೂ ಬರಲ್ಲ’ ಅನ್ನುತ್ತಾರೆ. ಈ ನಗು ನನಗೆ ಹಿಡಿಸುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿ, ಊರಿನ ಜಗಳ ಬಿಡಿಸಿ, ಮಕ್ಕಳನ್ನು ಶಾಲೆಗೆ ಕರೆತಂದು ಬಡ್ತಿ ಪಡೆದವರ ಮುಂದೆ ಒಂದು ದಿನ ಹತ್ತಾರು ಲಾಗಿನ್ ತಂದಿಟ್ಟು ‘ನೀವೇ ಹೊಣೆ’ ಅಂದರೆ ಅವರು ತಡಬಡಾಯಿಸದೆ ಇನ್ನೇನು ಮಾಡಬೇಕು?

ಹಾಗಂತ ಪ್ರಶ್ನೆಯನ್ನು ಅಲ್ಲಿಗೇ ಬಿಡುವ ಹಾಗೂ ಇಲ್ಲ. ರಾಜ್ಯದ ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್, ಕೇಂದ್ರದ ಶಾಲಾ ಮಾಹಿತಿಯ ಯುಡೈಸ್ ಪ್ಲಸ್, ಮಕ್ಕಳ ಗುರುತಿನ ಸಂಖ್ಯೆಯಾದ ಅಪಾರ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಬಿಸಿಯೂಟದ ದಿನದ ಲೆಕ್ಕ, ಅನುದಾನ ಪಾವತಿಯ ಪಿಎಫ್‌ಎಂಎಸ್, ಎಸ್‌ಎಸ್‌ಎಲ್‌ಸಿ ನೋಂದಣಿ, ಎಲ್ಲವೂ ಶಾಲೆಯ ಮುಖ್ಯಸ್ಥರ ಹೆಸರಿನಲ್ಲೇ ಹೋಗುತ್ತವೆ. ಭರ್ತಿ ಮಾಡುವವರು ಮಾತ್ರ ಬೇರೆ. ಕಿರಿಯ ಶಿಕ್ಷಕರೊಬ್ಬರು, ಇಲ್ಲವೇ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಇಲ್ಲವೇ ಪೇಟೆಯ ಸೈಬರ್ ಅಂಗಡಿಯವರು. ಎಚ್‌ಎಂ ಪ್ರಿಂಟ್ ತೆಗೆಸಿ ಸಹಿ ಹಾಕುತ್ತಾರೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಎಚ್‌ಎಂಗೆ ಟೈಪಿಂಗ್ ವೇಗ ಬೇಕಿಲ್ಲ. ತಮ್ಮ ಹೆಸರಿನಲ್ಲಿ ಹೋಗುವ ಮಾಹಿತಿಯನ್ನು ಪರದೆಯ ಮೇಲೆ ತಾವೇ ಓದಿ, ತಪ್ಪಿದ್ದರೆ ಹಿಡಿದು, ‘ಇದನ್ನು ಕಳಿಸಬೇಡಿ’ ಎನ್ನುವಷ್ಟು ಬರಲೇಬೇಕು. 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಮಗುವಿನ ವಿವರವೂ ಬೇರೆಬೇರೆಯಾಗಿ ಹೋಗುತ್ತಿದೆ. ಮೊದಲಿನಂತೆ ತರಗತಿವಾರು ಮೊತ್ತ ಬರೆದು ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲಾ ಅನುದಾನ 30 ಮಕ್ಕಳವರೆಗೆ 10,000 ರೂಪಾಯಿ, 30 ದಾಟಿ 100ರವರೆಗೆ 25,000. ನಮ್ಮ ಮಲೆನಾಡಿನ ಎಷ್ಟೋ ಶಾಲೆಗಳು ಆ 30ರ ಗೆರೆಯ ಆಚೀಚೆಯೇ ಇವೆ. ಟಿಸಿ ತಂದು ಸೇರಿದ ಇಬ್ಬರು ಮಕ್ಕಳ ಹೆಸರು ಹಳೇ ಶಾಲೆಯ ಲಾಗಿನ್‌ನಲ್ಲೇ ಉಳಿದುಬಿಟ್ಟರೆ, ನಷ್ಟವಾಗುವುದು ಶಾಲೆಗೆ ಬರುವ ಸೀಮೆಸುಣ್ಣ, ಪೊರಕೆ, ಕರೆಂಟ್ ಬಿಲ್ಲಿನ ದುಡ್ಡು. ಅದನ್ನು ಕಂಡುಹಿಡಿಯಲು ದಾಖಲಾತಿ ವಹಿಯನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ಹೆಸರು ಕೂಗಿ ನೋಡಿದರೆ ಸಾಕು. ಎಚ್‌ಎಂ ಅದನ್ನು ಮಾಡುತ್ತಿದ್ದಾರೆಯೇ ಅನ್ನುವುದೇ ಪ್ರಶ್ನೆ.

ನಿಮ್ಮ ಶಾಲೆಗಳಲ್ಲಿ ಹೇಗೆ ನಡೆಯುತ್ತಿದೆ, ಬರೆಯಿರಿ.

ಬಿಸಿಲೆ ರಸ್ತೆ (ಪ್ರಭಾರ ಮುಖ್ಯ ಶಿಕ್ಷಕ, ಸಕಲೇಶಪುರ ತಾಲ್ಲೂಕು)

ಮೇಡಂ, ನೀವು ಹೇಳಿದ್ದು ಸರಿ. ಆದರೆ ನಮ್ಮ ಕಡೆಯ ಸ್ಥಿತಿಯನ್ನೂ ಕೇಳಿ.

ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ನಾನು ನಲಿ-ಕಲಿ (1ರಿಂದ 3ನೇ) ತರಗತಿ ನೋಡಿಕೊಂಡೇ ಮುಖ್ಯ ಶಿಕ್ಷಕನ ಕೆಲಸವನ್ನೂ ಮಾಡಬೇಕು. ಕಂಪ್ಯೂಟರ್ ನನಗೆ ಬರುತ್ತದೆ, ಸ್ಪ್ರೆಡ್‌ಶೀಟ್ ಕೂಡ ಬರುತ್ತದೆ. ಬಾರದೇ ಇರುವುದು ನೆಟ್‌ವರ್ಕ್.

ಇಲಾಖೆಯ ವರ್ಷದ ಲೆಕ್ಕವನ್ನು ನೋಡಿ. ದಾಖಲಾತಿ ಜೂನ್‌ನಲ್ಲಿ. ಯುಡೈಸ್ ಲೆಕ್ಕಕ್ಕೆ ಸೆಪ್ಟೆಂಬರ್ 30 ಆಧಾರ ದಿನ. ಅಂದರೆ ಮಾಹಿತಿ ತುಂಬುವ ಕೆಲಸ ಹೆಚ್ಚಾಗಿ ಬೀಳುವ ತಿಂಗಳುಗಳೇ ನಮ್ಮಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಯ ತಿಂಗಳುಗಳು. ಮರ ಬಿದ್ದು ಕಂಬ ಮುರಿದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ. ಟವರ್‌ನ ಬ್ಯಾಟರಿ ಇಳಿದರೆ ಮೊಬೈಲೂ ಸುಮ್ಮನಾಗುತ್ತದೆ. ಬಯಲುಸೀಮೆಯವರಿಗೂ ನಮಗೂ ಒಂದೇ ಕೊನೆಯ ದಿನಾಂಕ.

ಸಂಜೆ ಆರರ ಮೇಲೆ ಸರ್ವರ್ ಚುರುಕಾಗುತ್ತದೆ, ಆಗ ಮಾಡಿ ಎಂದು ಸಭೆಯಲ್ಲಿ ಸಲಹೆ ಬರುತ್ತದೆ. ನಮ್ಮ ದಾರಿಯಲ್ಲಿ ಆರರ ಮೇಲೆ ಆನೆ ಓಡಾಡುತ್ತದೆ. ಆನೆ ಯಾವ ತೋಟದಲ್ಲಿದೆ ಅನ್ನುವ ಸಂದೇಶ ಮೊಬೈಲಿಗೆ ಬಂದರೆ ಮಕ್ಕಳನ್ನು ಬೇಗ ಕಳಿಸುವುದೋ, ಯಾರಾದರೂ ದೊಡ್ಡವರು ಬರುವ ತನಕ ಇಟ್ಟುಕೊಳ್ಳುವುದೋ ಅಂತ ನಾನೇ ನಿರ್ಧರಿಸಬೇಕು. ನನ್ನ ಮೊಬೈಲಿಗೆ ಬರುವ ಸಂದೇಶಗಳಲ್ಲಿ ತೀರಾ ಮುಖ್ಯವಾದದ್ದು ಅದೇ. ಅದು ಯಾವ ತರಬೇತಿಯ ಪಟ್ಟಿಯಲ್ಲೂ ಇಲ್ಲ.

ಎಚ್‌ಎಂಗಳಿಗೆ ತಂತ್ರಜ್ಞಾನ ಗೊತ್ತಿಲ್ಲ ಎಂದು ಬರೆಯುವವರು ಒಂದು ಮಳೆಗಾಲ ಹೆತ್ತೂರು, ಯಸಳೂರು ಕಡೆ ಕಳೆಯಲಿ ಅನ್ನಿಸುತ್ತದೆ.

ಅಂಗಡಿ ಬಾಗಿಲು (ಸೈಬರ್, ಜೆರಾಕ್ಸ್ ಅಂಗಡಿ, ಕಡೂರು)

ನಾನು ಮೇಷ್ಟ್ರಲ್ಲ. ಆದರೆ ಈ ಮಾತಲ್ಲಿ ನಮ್ಮ ಅಂಗಡಿ ಬಂತಲ್ಲ, ಅದಕ್ಕೇ ಬರೀತಿದೀನಿ.

ಕೊನೇ ದಿನಾಂಕ ಹತ್ತಿರ ಬಂದ್ರೆ ನಮ್ಮಂಥ ಅಂಗಡಿಗಳಲ್ಲಿ ಮೇಷ್ಟ್ರು ಮೇಡಂಗಳದ್ದೇ ಸಾಲು. ತುಂಬಾ ಒಳ್ಳೆಯವರು, ಕಷ್ಟ ಸುಖ ಮಾತಾಡ್ಕೊಂಡು ಕೂತ್ಕೋತಾರೆ. ಆದರೆ ಅವರು ತರೋದು ಏನು ಅಂತ ನೋಡಿದ್ರೆ ಭಯ ಆಗುತ್ತೆ. ಒಂದು ಚೀಟಿ, ಅದರಲ್ಲಿ ಶಾಲೆ ಲಾಗಿನ್, ಪಾಸ್‌ವರ್ಡ್. ‘ನೀನೇ ಹಾಕ್ಬಿಡಪ್ಪ, ನಾನು ಬ್ಯಾಂಕಿಗೆ ಹೋಗಿ ಬರ್ತೀನಿ’ ಅಂತಾರೆ. ಒಟಿಪಿ ಬಂದ್ರೆ ಫೋನ್ ಮಾಡಿ ಕೇಳು ಅಂತಾರೆ. ಅಂದ್ರೆ ಆ ಶಾಲೆಯ ಅಷ್ಟೂ ಮಕ್ಕಳ ಆಧಾರ್, ಅಪ್ಪ ಅಮ್ಮನ ಹೆಸರು, ಜಾತಿ, ಬ್ಯಾಂಕ್ ಖಾತೆ ನನ್ನ ಕೈಯಲ್ಲಿ. ನಾನು ಕೆಲಸ ಮುಗಿದ ಮೇಲೆ ಎಲ್ಲಾ ಅಳಿಸ್ತೀನಿ. ಬ್ರೌಸರ್ ‘ಪಾಸ್‌ವರ್ಡ್ ಉಳಿಸಲಾ’ ಅಂತ ಕೇಳಿದ್ರೆ ಬೇಡ ಅಂತೀನಿ. ಎಲ್ಲಾ ಅಂಗಡಿಯವರೂ ಹಂಗೇ ಮಾಡ್ತಾರೆ ಅಂತ ಯಾರು ಹೇಳಕ್ಕಾಗುತ್ತೆ?

ನಾನು ಮೇಷ್ಟ್ರಿಗೆ ಕೇಳೋದು ಇಷ್ಟೇ. ಬನ್ನಿ, ಕೆಲಸ ಮಾಡಿಸ್ಕೊಳ್ಳಿ, ಆದರೆ ಪಕ್ಕದಲ್ಲಿ ಕೂತ್ಕೊಳ್ಳಿ. ಪಾಸ್‌ವರ್ಡ್ ನೀವೇ ಒತ್ತಿ. ಎರಡು ಬೆರಳಲ್ಲಿ ನಿಧಾನಕ್ಕೆ ಒತ್ತಿದ್ರೂ ಪರವಾಗಿಲ್ಲ, ನಾನು ಕಾಯ್ತೀನಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಯ್ತಾ ಅಂತ ನೀವೇ ನೋಡಿ. ಡೌನ್‌ಲೋಡ್ ಫೋಲ್ಡರಲ್ಲಿ ನಿಮ್ಮ ಪಟ್ಟಿ ಉಳಿದಿದ್ರೆ ಅಳಿಸು ಅಂತ ಹೇಳಿ. ಇದನ್ನ ಕಲಿಯೋಕೆ ಟ್ರೇನಿಂಗ್ ಬೇಕಾ ಸರ್?

ಕೊಟ್ಟಿಗೆಹಾರ ಮಂಜು (ಅತಿಥಿ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು)

ಅಂಗಡಿಯವರು ಹೇಳಿದ ಆ ಚೀಟಿ ನಮ್ಮಂಥ ಶಾಲೆಗಳಲ್ಲಿ ಅತಿಥಿ ಶಿಕ್ಷಕರ ಬ್ಯಾಗಿನಲ್ಲಿರುತ್ತದೆ.

ನನ್ನನ್ನು ತೆಗೆದುಕೊಂಡಿದ್ದು ವಿಜ್ಞಾನ ಪಾಠಕ್ಕೆ. ‘ನಿನಗೆ ಕಂಪ್ಯೂಟರ್ ಬರುತ್ತಲ್ಲಮ್ಮ’ ಎಂದು ಒಮ್ಮೆ ಕೂರಿಸಿದರು, ಆಮೇಲೆ ಅದು ನನ್ನ ಕೆಲಸವೇ ಆಯಿತು. ಪೀರಿಯಡ್ ನಡುವೆ ಕರೆ ಬರುತ್ತದೆ, ಬೋರ್ಡ್ ಮೇಲಿನ ಚಿತ್ರ ಅರ್ಧಕ್ಕೆ ನಿಲ್ಲುತ್ತದೆ. ಇದರಲ್ಲಿ ಎಚ್‌ಎಂ ಮೇಡಂ ತಪ್ಪೆಂದು ನಾನು ಹೇಳುವುದಿಲ್ಲ, ಅವರಿಗೆ ಮೇಲಿನಿಂದ ವಾಟ್ಸ್‌ಆ್ಯಪ್‌ನಲ್ಲಿ ‘ಇಂದೇ, ಈಗಲೇ’ ಎಂದು ಬಂದಿರುತ್ತದೆ.

ಆದರೂ ಮನಸ್ಸಿನಲ್ಲಿ ಇರುವುದನ್ನು ಹೇಳಬೇಕು. ಮಾರ್ಚ್ ಮುಗಿದರೆ ನಾವು ಮನೆಗೆ. ಮುಂದಿನ ವರ್ಷ ಅದೇ ಶಾಲೆ ಸಿಗುತ್ತದೆಂಬ ಖಾತ್ರಿ ಇಲ್ಲ. ನಾವು ಹೋದ ದಿನ ಶಾಲೆಯ ಅರ್ಧ ತಿಳಿವಳಿಕೆ ನಮ್ಮ ಜೊತೆ ಹೊರಟುಬಿಡುತ್ತದೆ. ಯಾವ ಫೈಲ್ ಎಲ್ಲಿದೆ, ಯಾವ ಮಗುವಿನ ಹೆಸರು ಬಾಕಿ ಇದೆ, ಯಾವ ಇಮೇಲ್ ಕೊಟ್ಟು ಖಾತೆ ತೆರೆದದ್ದು, ಒಂದೂ ಬರೆದಿಟ್ಟಿರುವುದಿಲ್ಲ. ನನಗೆ ಇವತ್ತಿಗೂ ಹಳೇ ಶಾಲೆಯಿಂದ ಒಟಿಪಿ ಬರುತ್ತಿರುತ್ತದೆ. ಬೇರೆ ತಾಲ್ಲೂಕಿನಲ್ಲಿ ಪಾಠ ಮಾಡುತ್ತಿರುವಾಗ ಆ ಶಾಲೆಯವರು ಕರೆ ಮಾಡಿ ಅಂಕಿ ಕೇಳುತ್ತಾರೆ.

ಮಾಲೇಕಲ್ಲು (ಪ್ರೌಢಶಾಲಾ ಮುಖ್ಯ ಶಿಕ್ಷಕ, ಅರಸೀಕೆರೆ ತಾಲ್ಲೂಕು)

ಈ ಚರ್ಚೆ ತಪ್ಪು ದಾರಿಗೆ ಹೋಗುತ್ತಿದೆ ಎಂದು ನನಗನ್ನಿಸುತ್ತದೆ. ಖಡಾಖಂಡಿತವಾಗಿ ಹೇಳುತ್ತೇನೆ, ಬೇಸರಿಸಬೇಡಿ.

ಪ್ರೌಢಶಾಲೆಯ ಎಚ್‌ಎಂ ಬಟವಾಡೆ ಅಧಿಕಾರಿಯೂ (ಡಿಡಿಒ) ಹೌದು. ಸಂಬಳ ಎಚ್‌ಆರ್‌ಎಂಎಸ್‌ನಲ್ಲಿ, ಬಿಲ್ಲು ಖಜಾನೆ-2ರಲ್ಲಿ. ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಇರಬೇಕಾದ ಜಾಗದಲ್ಲಿ ಹುದ್ದೆ ಖಾಲಿ, ಅಥವಾ ಆ ಎಸ್‌ಡಿಎ ಒಒಡಿ (ಅನ್ಯಕಾರ್ಯ ನಿಯೋಜನೆ) ಮೇಲೆ ಬೇರೆ ಕಚೇರಿಯಲ್ಲಿ. ಆ ಖಾಲಿ ಕುರ್ಚಿಯ ಕೆಲಸವನ್ನು ಎಚ್‌ಎಂ ತಲೆಗೆ ಕಟ್ಟಿ, ಅದಕ್ಕೆ ‘ತಂತ್ರಜ್ಞಾನ ಸಾಕ್ಷರತೆ’ ಎಂಬ ಅಂದದ ಹೆಸರಿಡಬೇಡಿ. ಅದು ಗುಮಾಸ್ತಿಕೆ. ಗುಮಾಸ್ತರನ್ನು ಕೊಡಿ. ಎಚ್‌ಎಂ ತರಗತಿಗಳ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಲಿ, ಗೈರುಹಾಜರಾದ ಮಗುವಿನ ಮನೆಗೆ ಹೋಗಲಿ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಬಂದಿತ್ತಲ್ಲ, ಅದು ಪೋರ್ಟಲ್ ತುಂಬಿದ್ದರಿಂದ ಬಂದದ್ದಲ್ಲ. ಶಿಕ್ಷಕರು ಮಕ್ಕಳ ಬೆನ್ನಿಗೆ ನಿಂತದ್ದರಿಂದ ಬಂತು.

ಒಂದೇ ಅಂಕಿ ಅಂಶವನ್ನು ಮೂರು ನಾಲ್ಕು ಕಡೆ ತುಂಬಿಸುವುದನ್ನು ಮೊದಲು ನಿಲ್ಲಿಸಲಿ. ಪೋರ್ಟಲ್‌ನಲ್ಲಿ ಈಗಾಗಲೇ ಇರುವ ಮಕ್ಕಳ ಸಂಖ್ಯೆಯನ್ನೇ ಮತ್ತೆ ಗೂಗಲ್ ಶೀಟ್‌ನಲ್ಲಿ ಕೇಳುತ್ತಾರೆ, ಅದನ್ನೇ ವಾಟ್ಸ್‌ಆ್ಯಪ್‌ನಲ್ಲೂ ಟೈಪ್ ಮಾಡಿ ಕಳಿಸಿ ಅನ್ನುತ್ತಾರೆ. ಇಲ್ಲಿ ಸಾಕ್ಷರತೆ ಬೇಕಾಗಿರುವುದು ಯಾರಿಗೆ?

ಹೇಮಾವತಿ ದಂಡೆ

ಸರ್, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಪೂರ್ತಿ ಒಪ್ಪಿಗೆ. ಕೇಳುವ ಕಚೇರಿಯವರಿಗೆ ತಮ್ಮಲ್ಲೇ ಇರುವ ಮಾಹಿತಿಯನ್ನು ತೆಗೆದುಕೊಳ್ಳಲು ಬರಬೇಕು. ಗುಮಾಸ್ತರೂ ಬೇಕೇ ಬೇಕು.

ಆದರೆ ಗುಮಾಸ್ತರು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ನೀವೇ ಡಿಡಿಒ ಆದ್ದರಿಂದ ನನಗಿಂತ ಚೆನ್ನಾಗಿ ಬಲ್ಲಿರಿ. ಖಜಾನೆ-2ರಲ್ಲಿ ಬಿಲ್ ತಯಾರಿಸುವ ಹಂತ ಬೇರೆ, ಒಪ್ಪಿ ಡಿಜಿಟಲ್ ಸಹಿ ಹಾಕುವ ಹಂತ ಬೇರೆ. ಪಿಎಫ್‌ಎಂಎಸ್‌ನಲ್ಲೂ ಒಬ್ಬರು ಪಾವತಿ ವಿವರ ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಯಾರೊಬ್ಬರ ಕೈತಪ್ಪಿನಿಂದಲೂ ಸರ್ಕಾರದ ದುಡ್ಡು ಬೇರೆ ಖಾತೆಗೆ ಹೋಗದಿರಲಿ ಎಂದೇ ಎರಡು ಹಂತ ಮಾಡಿದ್ದು. ನಮ್ಮಲ್ಲಿ ಏನಾಗುತ್ತದೆ? ಎರಡೂ ಪಾಸ್‌ವರ್ಡ್, ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಕೀ ಸಮೇತ, ಒಬ್ಬರ ಡ್ರಾಯರ್‌ನಲ್ಲೇ ಇರುತ್ತವೆ. ಆಗ ಎರಡನೇ ಹಂತ ಇದ್ದೂ ಇಲ್ಲದ ಹಾಗೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ. ಖಾಲಿ ಚೆಕ್‌ಗೆ ಸಹಿ ಹಾಕಿ ಇನ್ನೊಬ್ಬರಿಗೆ ಕೊಡಿ ಅಂದರೆ ಯಾವ ಎಚ್‌ಎಂ ಕೊಡುತ್ತಾರೆ? ಕೀ ಕೊಡುವಾಗ ಆ ಅಳುಕು ಇಲ್ಲ. ಅದು ಸಹಿ ಎಂದು ಕಣ್ಣಿಗೆ ಕಾಣದಿರುವುದೇ ಕಾರಣ.

ನಾನು ಸಾಕ್ಷರತೆ ಅಂದದ್ದು ಈ ಅಳುಕನ್ನು, ಸರ್. ಟೈಪಿಂಗನ್ನಲ್ಲ.

ಯಗಚಿ ಮೇಷ್ಟ್ರು (ನಿವೃತ್ತ ಮುಖ್ಯ ಶಿಕ್ಷಕ, ಬೇಲೂರು)

ನಿವೃತ್ತನಾದವನು ಮಾತಾಡಬಹುದೋ ಇಲ್ಲವೋ ಎಂದು ಯೋಚಿಸಿ, ಕೊನೆಗೆ ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ಕಲಿತದ್ದು ಐವತ್ತು ದಾಟಿದ ಮೇಲೆ. ಯಾವ ತರಬೇತಿಯಲ್ಲೂ ಅಲ್ಲ. ನಮ್ಮ ಶಾಲೆಗೆ ಬಂದ ಎಳೆಯ ಶಿಕ್ಷಕಿಯೊಬ್ಬರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಆಕೆಯದು ಒಂದು ನಿಯಮ ಇತ್ತು: ‘ಮೌಸ್ ನಾನು ಮುಟ್ಟಲ್ಲ ಸರ್, ನೀವೇ ಮಾಡಿ.’ ಎಷ್ಟು ಹೊತ್ತಾದರೂ ಮುಟ್ಟುತ್ತಿರಲಿಲ್ಲ. ಆ ತಾಳ್ಮೆಯಿಂದ ನನಗೆ ಬಂತು. ಬೇರೆ ಕಡೆ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಹಿರಿಯರು ಒಂದು ಕ್ಷಣ ತಡವರಿಸಿದರೆ ಕಿರಿಯರು ‘ಕೊಡಿ ಸರ್’ ಎಂದು ಮೌಸ್ ಕಿತ್ತುಕೊಂಡು ಮಾಡಿ ಮುಗಿಸುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಹಿರಿಯರು ಮತ್ತೆ ಆ ಕುರ್ಚಿಗೆ ಬರುವುದಿಲ್ಲ.

ತರಬೇತಿಗಳ ವಿಷಯ. ಹಳಬರಿಗೆ ನೆನಪಿರಬಹುದು, ಈ ಶತಮಾನದ ಆರಂಭದಲ್ಲಿ ರಾಜ್ಯದ ಮಾಹಿತಿ ಸಿಂಧು ಯೋಜನೆ ಬಂತು, ಆಮೇಲೆ ಕೇಂದ್ರದ ಐಸಿಟಿ ಯೋಜನೆ ಬಂತು, ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ಬಂತು. ಬೋಧಕರನ್ನು ಹೊರಗಿನ ಸಂಸ್ಥೆಯವರು ಕಳಿಸುತ್ತಿದ್ದರು. ಅವಧಿ ಮುಗಿಯಿತು, ಬೋಧಕರು ಹೋದರು, ಕೊಠಡಿಗೆ ಬೀಗ ಬಿತ್ತು. ಬೀಗ ಹಾಕಿದ್ದು ಎಚ್‌ಎಂ ಎಂದು ಎಲ್ಲರೂ ದೂರಿದರು. ಯಾಕೆ ಹಾಕಿದರು ಎಂದು ಕೇಳಿದವರು ಕಡಿಮೆ. ಕಂಪ್ಯೂಟರು ದಾಸ್ತಾನು ವಹಿಯಲ್ಲಿ ಎಚ್‌ಎಂ ಹೆಸರಿನ ಮೇಲೆ ಇರುತ್ತದೆ. ಕೆಟ್ಟರೆ, ಕಳುವಾದರೆ ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರಕ್ಕೆ ತೊಡಕು. ಮಕ್ಕಳು ಮುಟ್ಟಿದರೆ ಏನೋ ಆಗಿಬಿಡುತ್ತದೆ ಎಂಬ ಭಯ ಯಾರಿಗೆ ಇರುತ್ತದೆ? ಅದರೊಳಗೆ ಏನು ಕೆಡುತ್ತದೆ, ಏನು ಕೆಡುವುದಿಲ್ಲ ಎಂದು ತಿಳಿಯದವರಿಗೆ. ತಿಳಿದವರು ಧೈರ್ಯವಾಗಿ ಬಾಗಿಲು ತೆರೆಯುತ್ತಾರೆ. ಎಚ್‌ಎಂ ಕಂಪ್ಯೂಟರ್ ಕಲಿತರೆ ಮೊದಲ ಲಾಭ ಮಕ್ಕಳಿಗೆ ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಮಲೆನಾಡಿನ ಅಂಚಿನಲ್ಲಂತೂ ಬೀಗ ಹಾಕಿಟ್ಟ ಯಂತ್ರವೇ ಬೇಗ ಕೆಡುತ್ತದೆ. ಮಳೆಗಾಲದ ಶೀತಕ್ಕೆ ಒಳಗೆ ಬೂಸ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ಅದರದೇ ಬಿಸಿಗೆ ಒಣಗಿ ಬಾಳುತ್ತದೆ. ಏಪ್ರಿಲ್, ಮೇ ಗುಡುಗು ಸಿಡಿಲಿನ ಕಾಲಕ್ಕೆ ಪ್ಲಗ್‌ನ ಜೊತೆ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು, ಬರೀ ಸ್ವಿಚ್ ಆರಿಸಿದರೆ ಸಾಲದು.

2012ರಲ್ಲಿ ಸರ್ಕಾರ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಪರೀಕ್ಷೆ ನಡೆಸುತ್ತದೆ. ಉದ್ದೇಶ ಒಳ್ಳೆಯದು. ಆದರೆ ಪ್ರಶ್ನೋತ್ತರ ಗೈಡು ಬಾಯಿಪಾಠ ಮಾಡಿ ಪಾಸಾದವರನ್ನು ನಾನು ಬಲ್ಲೆ. ಒಂದು ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಎಂದರೆ ಅವರಿಗೆ ಆಗುವುದಿಲ್ಲ.

ಇನ್ನೊಂದು, ಕನ್ನಡ. ನಮ್ಮ ಪೀಳಿಗೆಯ ಎಚ್‌ಎಂಗಳು ಹಿಂಜರಿಯಲು ದೊಡ್ಡ ಕಾರಣ ಪರದೆ ತುಂಬ ಇಂಗ್ಲಿಷ್. ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಬಹಳ ಉಪಕಾರವಾಯಿತು. ಕೆ.ಪಿ. ರಾವ್ ಅವರ ಕೀಲಿ ಜೋಡಣೆಯನ್ನು ಆಧರಿಸಿದ ಕೀಲಿಮಣೆ ಅದು, ಒಂದು ವಾರ ಕೈ ಆಡಿಸಿದರೆ ಬೆರಳಿಗೆ ಕೂರುತ್ತದೆ. ಆದರೆ ಹಳೆಯ ನುಡಿ ಅಕ್ಷರಗಳು ಯುನಿಕೋಡ್ (ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಸುತ್ತೋಲೆ ಅದರಲ್ಲೇ ತಯಾರಾಗುತ್ತದೆ. ಅದರ ಅಕ್ಷರಗಳನ್ನು ಎತ್ತಿ ಮೊಬೈಲಿಗೋ ಪೋರ್ಟಲಿಗೋ ಹಾಕಿದರೆ ಚಿಹ್ನೆಗಳ ರಾಶಿ ಕಾಣುತ್ತದೆ, ಎಚ್‌ಎಂ ‘ನನ್ನ ಕೈಯಲ್ಲಿ ಏನೋ ಹಾಳಾಯಿತು’ ಎಂದು ಹೆದರುತ್ತಾರೆ. ಹಾಳಾಗಿರುವುದಿಲ್ಲ, ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಸರಿಯಾಗುತ್ತದೆ. ಹೊಸದಾಗಿ ಬರೆಯುವುದನ್ನು ಯುನಿಕೋಡ್‌ನಲ್ಲೇ ಬರೆಯಿರಿ ಎಂದು ಒಮ್ಮೆ ಹೇಳಿಕೊಟ್ಟರೆ ಈ ಗೋಳೇ ಇಲ್ಲ.

ತೋಟದ ಲೈನು (ಪೋಷಕ, ಆಲ್ದೂರು ಕಡೆ)

ನಾನು ಕಾಫಿ ತೋಟದಲ್ಲಿ ಕೆಲಸ ಮಾಡುವವನು. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿ ಸದಸ್ಯ. ನಿಮ್ಮಷ್ಟು ಓದಿದವನಲ್ಲ, ತಪ್ಪಿದ್ದರೆ ತಿದ್ದಿ.

ನನ್ನ ಮಗಳ ಹೆಸರು ಶಾಲೆಯಲ್ಲಿ ಒಂಥರಾ, ಆಧಾರ್‌ನಲ್ಲಿ ಒಂಥರಾ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಇಂಗ್ಲಿಷ್ ಅಕ್ಷರದಲ್ಲೂ ಒಂದು ವ್ಯತ್ಯಾಸ. ಇದರಿಂದ ವಿದ್ಯಾರ್ಥಿವೇತನದ ಅರ್ಜಿಯೂ ನಿಂತಿತು, ಅಪಾರ್ ಕೂಡ ಆಗಲಿಲ್ಲ. ಆಧಾರ್ ಸರಿ ಮಾಡಿಸಿ ಅಂತ ಶಾಲೆಯವರು, ಶಾಲೆಯಲ್ಲಿ ಸರಿ ಮಾಡಿಸಿ ಅಂತ ಸೇವಾ ಕೇಂದ್ರದವರು. ಒಂದೊಂದು ಸಲ ಪೇಟೆಗೆ ಹೋದರೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಬೇರೆ.

ಆಮೇಲೆ ಹೊಸ ಹೆಡ್‌ಮಾಸ್ಟರ್ ಬಂದರು. ಅವರು ಕಂಪ್ಯೂಟರಿನಲ್ಲಿ ಭಾರೀ ಹುಷಾರು ಅಂತೇನಿಲ್ಲ. ಆದರೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆ ತೋರಿಸಿದರು. ‘ನೋಡಪ್ಪ, ದಾಖಲಾತಿ ವಹಿಯಲ್ಲಿ ಹೀಗಿದೆ, ಆಧಾರ್‌ನಲ್ಲಿ ಹೀಗಿದೆ, ಇಲ್ಲಿ ತಪ್ಪಾಗಿರುವುದು ಆಧಾರ್‌ದು, ಜನನ ಪ್ರಮಾಣಪತ್ರ ಇದೆಯಾ?’ ಅಂತ ಕೇಳಿದರು. ಯಾವ ಕಾಗದ ತಗೊಂಡು ಯಾವ ಕಡೆ ಹೋಗಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ದುಡ್ಡು ಬರುವುದಿಲ್ಲ, ಹೋದವನು ಅದನ್ನೂ ನೋಡಿಕೊಂಡು ಬಾ ಅಂದರು. ಒಂದೇ ಓಡಾಟದಲ್ಲಿ ಮುಗಿಯಿತು.

ನನಗೆ ಬೇಕಾದ ಹೆಡ್‌ಮಾಸ್ಟರ್ ಇವರೇ. ತೋಟದ ಕೂಲಿಯವರ ಮನೆಗಳ ಲೈನಿನಲ್ಲಿ ಇನ್ನೂ ಎಷ್ಟೋ ಮಕ್ಕಳದ್ದು ಹೀಗೇ ನಿಂತಿದೆ. ಬೇರೆ ರಾಜ್ಯದಿಂದ ಬಂದ ಕೂಲಿಯವರ ಮಕ್ಕಳದ್ದು ಕೇಳುವುದೇ ಬೇಡ.

ಬಿಸಿಲೆ ರಸ್ತೆ

ಇದನ್ನು ಓದಿ ಮನಸ್ಸು ತುಂಬಿ ಬಂತು. ಈ ಅಣ್ಣ ಹೇಳಿದ್ದೇ ಉತ್ತರ, ಹೇಮಾವತಿ ಮೇಡಂ. ತರಬೇತಿಯಲ್ಲಿ ನಮಗೆ ಸ್ಲೈಡ್ ಮಾಡುವುದು, ಅದಕ್ಕೆ ಬಣ್ಣ ಹಾಕುವುದು ಹೇಳಿಕೊಟ್ಟರು. ಹೆಸರು ಹೊಂದದ ಮಗುವಿನ ಕಡತವನ್ನು ಬಿಡಿಸುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಕಲ್ಲತ್ತಿ ನೀರು (ಖಾಸಗಿ ಶಾಲೆ ಪ್ರಾಂಶುಪಾಲೆ, ಚಿಕ್ಕಮಗಳೂರು)

ಖಾಸಗಿ ಶಾಲೆಗಳಲ್ಲಿ ಎಲ್ಲ ಸರಿಯಿದೆ ಎಂದು ಯಾರೂ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ. ನಮ್ಮಲ್ಲಿ ಯಂತ್ರಗಳಿವೆ, ಕಂಪ್ಯೂಟರ್ ಶಿಕ್ಷಕರಿದ್ದಾರೆ, ಆಡಳಿತ ಮಂಡಳಿ ಕೊಂಡ ಆ್ಯಪ್ ಇದೆ. ಮಾರಲು ಬಂದವರು ಚಂದದ ಗ್ರಾಫ್ ತೋರಿಸುತ್ತಾರೆ. ಪ್ರಾಂಶುಪಾಲರು ಕೇಳಬೇಕಾದ ಪ್ರಶ್ನೆ ಬೇರೆ. ಮಕ್ಕಳ ವಿವರ ಯಾವ ಸರ್ವರ್‌ನಲ್ಲಿ ಇರುತ್ತದೆ? ಒಪ್ಪಂದ ಮುಗಿದ ಮೇಲೆ ಅಳಿಸುತ್ತೀರಾ? ನಮಗೆ ಬೇಕೆಂದಾಗ ಪೂರ್ತಿ ಪಟ್ಟಿ ತೆಗೆದುಕೊಳ್ಳಲು ಬರುತ್ತದೆಯೇ, ಇಲ್ಲ ನಿಮ್ಮ ಆ್ಯಪ್ ಬಿಟ್ಟರೆ ನಮ್ಮ ದಾಖಲೆಯೂ ಹೋಯಿತೇ? ಇದನ್ನು ಕೇಳುವವರು ಅಪರೂಪ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತನ್ನು ಕಾಯ್ದೆಯೇ ಎತ್ತುತ್ತದೆ. ಅಷ್ಟಿದ್ದೂ ಶಾಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಶುಲ್ಕ ಬಾಕಿ ಇರುವವರ ಹೆಸರು ಎಲ್ಲ ಓಡಾಡುತ್ತವೆ. ಒಂದು ಮಗು ಕಡಿಮೆ ಅಂಕ ತೆಗೆದದ್ದು ನೂರು ಮನೆಗೆ ಗೊತ್ತಾಗುವುದು ಯಾವ ನ್ಯಾಯ? ನಮ್ಮ ಶಾಲೆಯಲ್ಲಿ ಇದನ್ನು ನಿಲ್ಲಿಸಿದ್ದೇವೆ. ಒಂದು ಸಾಲಿನ ಆದೇಶ ಸಾಕಾಯಿತು, ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಈಗ ಚಾಟ್‌ಜಿಪಿಟಿ, ಜೆಮಿನಿ ಬಂದಿವೆ. ಪತ್ರ, ವರದಿ ಬರೆಸಿಕೊಳ್ಳಲು ಎಷ್ಟೋ ಮುಖ್ಯಸ್ಥರು ಬಳಸುತ್ತಿದ್ದಾರೆ, ಬಳಸಲಿ. ಆದರೆ ಮಕ್ಕಳ ಹೆಸರಿರುವ ಪಟ್ಟಿಯನ್ನು ಎತ್ತಿ ಅದರೊಳಗೆ ಹಾಕಬೇಡಿ. ಅದು ಕೊಟ್ಟ ಸುತ್ತೋಲೆ ಸಂಖ್ಯೆ, ನಿಯಮದ ಸಂಖ್ಯೆಯನ್ನು ಮೂಲ ಆದೇಶ ತೆರೆದು ನೋಡದೆ ಬರೆಯಬೇಡಿ. ಇಲ್ಲದ ಆದೇಶವನ್ನೂ ಇರುವಂತೆಯೇ ಬರೆದುಕೊಡುತ್ತದೆ. ಮುಖ ನೋಡಿ ಹಾಜರಿ ಹಾಕುವ ತಂತ್ರಾಂಶದ ಮಾತೂ ರಾಜ್ಯದಲ್ಲಿ ಎದ್ದಿದೆ. ನಾಳೆ ಅದು ಶಾಲೆಗೆ ಬಂದರೆ ಮಕ್ಕಳ ಮುಖದ ಗುರುತು ಎಲ್ಲಿ ಇಡುತ್ತೀರಿ ಎಂದು ಕೇಳಬೇಕಾದವರು ನಾವೇ. ಕೇಳಲು ಕಲಿಯಬೇಕಾದದ್ದು ಈಗ.

ಮಾಲೇಕಲ್ಲು

ನಾನು ಗುಮಾಸ್ತರ ಮಾತನ್ನು ಬಿಡುವುದಿಲ್ಲ. ಆದರೆ ಡಿಎಸ್‌ಸಿ ಬಗ್ಗೆ ಹೇಮಾವತಿ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಬಿಲ್ಲು ತೆರೆದು ಖಾತೆ ಸಂಖ್ಯೆ, ಮೊತ್ತ, ಕಡಿತ ಮೂರನ್ನೂ ಓದದೆ ಕೀ ಚುಚ್ಚಬಾರದು.

ತರಬೇತಿ ಕುರಿತು ಒಂದು ಸಲಹೆ. 2020ರ ಶಿಕ್ಷಣ ನೀತಿಯಲ್ಲಿ ಶಿಕ್ಷಕರಿಗೂ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆಯ ಮಾತಿದೆ. ದೀಕ್ಷಾ ಜಾಲತಾಣದಲ್ಲಿ ಶಿಕ್ಷಕರಿಗೆಂದೇ ನಿಷ್ಠಾ ಕೋರ್ಸ್‌ಗಳೂ ಬಂದವು. ವಿಡಿಯೊ ಓಡಿಸಿಟ್ಟು ಪ್ರಮಾಣಪತ್ರ ಇಳಿಸಿಕೊಂಡದ್ದು ಎಷ್ಟು ಜನ ಎಂದು ನಾವು ನಾವೇ ಬಲ್ಲೆವು. ಆ 50 ಗಂಟೆಯಲ್ಲಿ ಸ್ವಲ್ಪವನ್ನಾದರೂ ಎಚ್‌ಎಂ ತಮ್ಮ ಶಾಲೆಯ ಲಾಗಿನ್, ತಮ್ಮ ಶಾಲೆಯ ದಾಖಲಾತಿ ವಹಿ, ತಮ್ಮ ಶಾಲೆಯ ಬಾಕಿ ಕೆಲಸ ತಂದು ಕೂತು ಮುಗಿಸಲು ಕೊಡಲಿ. ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ, ತಾಲ್ಲೂಕಿಗೆ ಸಂಪನ್ಮೂಲ ಕೇಂದ್ರ ಬಿಆರ್‌ಸಿ ಇದೆ, ಅಲ್ಲಿ ನೆಟ್ ಇದೆ, ಕರೆಂಟ್ ಇದೆ.

ಹೇಮಾವತಿ ದಂಡೆ

ಹೌದು ಸರ್, ಅದೇ ಬೇಕು. ಮತ್ತು ಮಲೆನಾಡಿಗೆ ಬೇರೆ ದಿನಾಂಕ ಬೇಕು, ಬಿಸಿಲೆ ರಸ್ತೆ ಸರ್ ಹೇಳಿದ ಹಾಗೆ. ಮಳೆಗೆ ಮುಂಚೆಯೇ ಆಗಬಹುದಾದ ಕೆಲಸಗಳು ಕೆಲವಿವೆ. ಹಳೆಯ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡುವುದಕ್ಕೆ ಜೂನ್ ಬರಬೇಕಾಗಿಲ್ಲ, ಫೆಬ್ರುವರಿಯಲ್ಲೇ ಮಾಡಬಹುದು. ಪಟ್ಟಿಯನ್ನು ಪಿಸಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತಾಳೆ ನೋಡಬಹುದು. ಆಮೇಲೆ ನೆಟ್ ಬೇಕಾಗುವುದು ತಿದ್ದುವಾಗ ಮಾತ್ರ.

ನಮ್ಮ ಕ್ಲಸ್ಟರ್‌ನ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಇದಕ್ಕೆ ಕೊಡಿ ಎಂದು ಸಿಆರ್‌ಪಿಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಯಗಚಿ ಮೇಷ್ಟ್ರು ಹೇಳಿದ ನಿಯಮವನ್ನೇ ಇಡುತ್ತೇನೆ. ಹೇಳಿಕೊಡುವವರು ಮೌಸ್ ಮುಟ್ಟುವಂತಿಲ್ಲ.

ಕೊಟ್ಟಿಗೆಹಾರ ಮಂಜು

ಒಂದು ಪ್ರಶ್ನೆ. ನಮ್ಮ ಎಚ್‌ಎಂ ಮೇಡಂಗೆ ವರ್ಗಾವಣೆ ಆಗಿದೆ, ಸದ್ಯದಲ್ಲೇ ರಿಲೀವ್ ಆಗುತ್ತಾರೆ. ಮುಂದೆ ಬರುವವರಿಗೆ ವಹಿಸಿಕೊಡುವ ವಸ್ತುಗಳ ಪಟ್ಟಿ, ಅಂದರೆ ಚಾರ್ಜ್ ಲಿಸ್ಟ್ ಬರೆಯುತ್ತಿದ್ದಾರೆ. ಕ್ಯಾಶ್ ಬುಕ್, ದಾಸ್ತಾನು ವಹಿ, ಬೀರು ಕೀ, ಅಕ್ಕಿ ಬೇಳೆ ಎಲ್ಲ ಇದೆ. ಲಾಗಿನ್‌ಗಳ ಮಾತೇ ಇಲ್ಲ. ಅದನ್ನು ಸೇರಿಸಬಹುದಾ? ಹೇಗೆ ಬರೆಯಬೇಕು?

ಮಾಲೇಕಲ್ಲು

ಸೇರಿಸಲೇಬೇಕು ಮಂಜು ಅವರೇ. ಬೇರೊಂದು ಹಾಳೆಯಲ್ಲಿ ಮಾಡಿಸಿ. ಒಂದೊಂದು ಪೋರ್ಟಲ್‌ಗೂ ಒಂದು ಸಾಲು. ಪೋರ್ಟಲ್ ಹೆಸರು, ಬಳಕೆದಾರರ ಐಡಿ, ಒಟಿಪಿ ಬರುವ ಮೊಬೈಲ್ ಯಾರದ್ದು, ಯಾವ ಇಮೇಲ್ ಕೊಟ್ಟಿದೆ, ಬಾಕಿ ಇರುವ ಕೆಲಸ ಏನು. ಪಾಸ್‌ವರ್ಡನ್ನು ಮಾತ್ರ ಆ ಹಾಳೆಯಲ್ಲಿ ಬರೆಯಬಾರದು, ಏಕೆಂದರೆ ಚಾರ್ಜ್ ಲಿಸ್ಟ್‌ನ ಪ್ರತಿ ಮೇಲಿನ ಕಚೇರಿಗೂ ಹೋಗುತ್ತದೆ. ಹೊಸಬರು ಬಂದು ಕೂತ ದಿನವೇ ಇಬ್ಬರೂ ಒಟ್ಟಿಗೆ ಕೂತು ಒಂದೊಂದನ್ನೇ ತೆರೆದು, ಮೊಬೈಲ್ ಸಂಖ್ಯೆ ಬದಲಿಸಿ, ಹೊಸ ಪಾಸ್‌ವರ್ಡ್ ಇಟ್ಟು, ಆ ಸಾಲಿನ ಮುಂದೆ ಇಬ್ಬರೂ ಸಹಿ ಹಾಕಲಿ. ಶಾಲೆಯಲ್ಲಿ ಬದಲಿಸಲು ಬಾರದ ಲಾಗಿನ್ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಂದೇ ಪತ್ರ ಬರೆದು ಅದರ ಪ್ರತಿ ಇಟ್ಟುಕೊಳ್ಳಿ.

ಡಿಎಸ್‌ಸಿ ಕೀ ಇರುವ ಕಡೆ, ಅದು ವ್ಯಕ್ತಿಯ ಹೆಸರಿನದ್ದು, ಹುದ್ದೆಯದ್ದಲ್ಲ. ಅದನ್ನು ಚಾರ್ಜ್‌ನಲ್ಲಿ ಕೊಡುವಂತಿಲ್ಲ, ಹೊಸಬರು ತಮ್ಮದನ್ನೇ ಮಾಡಿಸಬೇಕು. ಆಗುವುದಾದರೆ ಶಾಲೆಯ ಹೆಸರಿಗೊಂದು ಸಿಮ್ ತೆಗೆದು, ಒಟಿಪಿಗಳೆಲ್ಲ ಅದಕ್ಕೇ ಬರುವ ಹಾಗೆ ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸಿ. ನಿಮ್ಮ ಮೊಬೈಲ್ ಎಲ್ಲೆಲ್ಲಿ ಕೊಟ್ಟಿದ್ದೀರೋ ಅದನ್ನೂ ಈ ಹಾಳೆಯಲ್ಲೇ ತೆಗೆಸಿಬಿಡಿ, ಮಾರ್ಚ್ ತನಕ ಕಾಯಬೇಡಿ.

ಅಂಗಡಿ ಬಾಗಿಲು

ಈ ಹಾಳೆನ ಯಾರಾದ್ರೂ ಯುನಿಕೋಡಲ್ಲಿ ಟೈಪ್ ಮಾಡಿ ಇಲ್ಲಿ ಹಾಕಿ ಸರ್. ಚಾರ್ಜ್ ಲಿಸ್ಟ್ ಪ್ರಿಂಟಿಗೆ ಬರೋ ಮೇಷ್ಟ್ರಿಗೆಲ್ಲ ನಾನು ಇದನ್ನೂ ಒಂದು ಪ್ರತಿ ತೆಗೆದು ಕೊಡ್ತೀನಿ, ದುಡ್ಡು ಬೇಡ.

ಹೇಮಾವತಿ ದಂಡೆ

ಭಾನುವಾರ ಟೈಪ್ ಮಾಡಿ ಹಾಕುತ್ತೇನೆ. ಪ್ರಾಥಮಿಕ ಶಾಲೆಗೊಂದು, ಪ್ರೌಢಶಾಲೆಗೊಂದು, ಎರಡು ಬೇರೆ ನಮೂನೆ ಬೇಕಾಗುತ್ತದೆ. ಬಿಸಿಯೂಟದ ಲಾಗಿನ್ ಸಾಲು ಹೇಗಿರಬೇಕೆಂದು ಬಿಸಿಲೆ ರಸ್ತೆ ಸರ್ ನನಗೆ ಬರೆದು ತಿಳಿಸಿ.